ಪಪ್ಪ ಕವುಚಿಟ್ಟ ತಟ್ಟೆ

ನಮ್ಮ ಮನೆಯಲ್ಲಿ ಮಕ್ಕಳಿಗೆ ಪೆಟ್ಟು ಬೀಳುತ್ತಿರಲಿಲ್ಲ. ಇದನ್ನು ಹೇಳಿದರೆ ಕೇಳಿದವರೆಲ್ಲ ಎಂಥ ಅದೃಷ್ಟವಂತೆ ನೀನು ಅನ್ನುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಪೆಟ್ಟು ಇರಲಿಲ್ಲ, ಬೈಗುಳವೂ ಇರಲಿಲ್ಲ. ನಾನೋ ನನ್ನ ತಮ್ಮ ಡ್ಯಾನಿಯೋ ಏನಾದರೂ ತಪ್ಪು ಮಾಡಿದ ದಿನ ಪಪ್ಪ ಊಟಕ್ಕೆ ಕೂತು, ಪ್ರಾರ್ಥನೆ ಮುಗಿಸಿ, ಆಮೆನ್ ಅಂದ ಮೇಲೆ ತಮ್ಮ ಎದುರಿನ ಸ್ಟೀಲಿನ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ, ಸದ್ದಾಗದ ಹಾಗೆ ಮೇಜಿನ ಮೇಲೆ ಕವುಚಿ ಇಡುತ್ತಿದ್ದರು. ಅಷ್ಟೇ. ಆಮೇಲೆ ಕೈಕಟ್ಟಿಕೊಂಡು ಕೂತು ನಾವು ಉಣ್ಣುವುದನ್ನು ನೋಡುತ್ತಿದ್ದರು. ತಪ್ಪು ಮಾಡಿದವರು ತಟ್ಟೆಯಲ್ಲಿ ಏನನ್ನೂ ಬಿಡುವ ಹಾಗಿರಲಿಲ್ಲ. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಿದ ದಿನವಾದರೆ ತಮ್ಮ ಪಾಲಿನ ದೊಡ್ಡ ತುಂಡನ್ನೂ ನನ್ನ ತಟ್ಟೆಗೇ ಹಾಕಿಸುತ್ತಿದ್ದರು. ನಾನು ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, ತಲೆ ತಗ್ಗಿಸಿ ನುಂಗಬೇಕಿತ್ತು. ಬೆಳಿಗ್ಗೆಯಿಂದ ದುಡಿದು, ಫ್ರೀವೇಯಲ್ಲಿ ಸಿಕ್ಕಿಬಿದ್ದು, ಹಸಿದು ಬಂದವರು ಮುಖದಲ್ಲಿ ಒಂದಿಷ್ಟೂ ಕೋಪವಿಲ್ಲದೆ ಎದುರಿಗೆ ಕೂತಿರುತ್ತಿದ್ದರು. ಕೋಪ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಮೇರಿಕದ ಸ್ಯಾನ್ ಹೋಸೆ ನಗರದ ಬೆರ್ರಿಯೆಸಾದಲ್ಲಿ ನಮ್ಮದು ಬೀದಿಯಿಂದ ನೋಡಿದರೆ ಬರೀ ಗ್ಯಾರೇಜೇ ಕಾಣುವಂಥ ಒಂದಂತಸ್ತಿನ ಮನೆ. ಈಗ ಅಲ್ಲಿಗೆ ಟ್ರೈನು ಬಂದಿದೆ, ಸ್ಟೇಷನ್ನಿನ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ. ನಮ್ಮ ಕಾಲಕ್ಕೆ ಹಳೆ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟಿನ ಧೂಳು, ಶನಿವಾರದ ಟ್ರಾಫಿಕ್ಕು ಇಷ್ಟೇ. ಅಡುಗೆಮನೆಗೂ ಹಿತ್ತಲಿಗೆ ಹೋಗುವ ಗಾಜಿನ ಬಾಗಿಲಿಗೂ ನಡುವೆ ಊಟದ ಮೇಜು. ಅಮ್ಮ ಮೀನು ಹುರಿಯಲು ನಿಂತಳೆಂದರೆ ಸ್ಮೋಕ್ ಅಲಾರಮ್ಮು ಬಾಯಿ ಬಿಡುತ್ತಿತ್ತು. ಅದರ ಕೆಳಗೆ ನಿಂತು ಟವೆಲ್ಲು ಬೀಸುವುದು ಡ್ಯಾನಿಯ ಕೆಲಸ. ಪಪ್ಪ, ಅಮ್ಮ ಇಬ್ಬರೂ ಉಡುಪಿ ಕಡೆಯ ಪ್ರೊಟೆಸ್ಟೆಂಟ್ ಕ್ರೈಸ್ತರು. ತಮ್ಮತಮ್ಮಲ್ಲಿ ತುಳು, ನಮ್ಮೊಡನೆ ಕನ್ನಡ, ದೇವರೊಡನೆಯೂ ಕನ್ನಡ. ನಾವು ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆವು. ದೇವರು ಯಾವುದರಲ್ಲಿ ಕೊಡುತ್ತಿದ್ದನೋ ತಿಳಿಯದು. ಪ್ರತಿ ಸಂಜೆ ಕನ್ನಡ ಸತ್ಯವೇದದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಲೇಬೇಕಿತ್ತು. ಇದನ್ನೆಲ್ಲ ಬರೆಯುವಷ್ಟು ಕನ್ನಡ ನನಗೆ ಬಂದದ್ದು ಹಾಗೆ. ಹಾಗಾಗಿಯೇ ತರಕಾರಿಗಳ ಹೆಸರು ಬರುವ ಮೊದಲು ನನಗೆ ಯಜ್ಞವೇದಿ, ಪಾಪನಿವಾರಣೆ, ಪ್ರಾಯಶ್ಚಿತ್ತ ಇಂಥ ಮಾತುಗಳು ಬಂದಿದ್ದವು. ಹೀರೇಕಾಯಿಗೆ ಏನನ್ನುತ್ತಾರೆಂದು ಗೊತ್ತಿಲ್ಲದ ಹುಡುಗಿ ಹೋಮದ ಕುರಿಯ ಕೊಬ್ಬನ್ನು ಏನು ಮಾಡಬೇಕೆಂದು ಬಾಯಿಪಾಠ ಹೇಳುತ್ತಿದ್ದಳು.

ಪಪ್ಪ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಇಬ್ಬರ ಪಾಳಿಗಳ ನಡುವೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದದ್ದು ರಾತ್ರಿಯ ಊಟಕ್ಕೆ ಮಾತ್ರ, ಹಾಗಾಗಿ ನಮ್ಮ ಮನೆಯಲ್ಲಿ ನಡೆಯಬೇಕಾದದ್ದೆಲ್ಲ ಆ ಮೇಜಿನ ಮೇಲೆಯೇ ನಡೆಯುತ್ತಿತ್ತು. ತಟ್ಟೆಗಳು ಊರಿನಿಂದ ಸೂಟ್‌ಕೇಸಿನಲ್ಲಿ ಬಂದವು, ಎಲ್ಲದರ ಅಡಿಯಲ್ಲೂ ಹೆಸರು ಕೊರೆಸಿತ್ತು. ಪಪ್ಪ ಉಣ್ಣುತ್ತಿದ್ದ ತಟ್ಟೆಯ ಅಡಿಯಲ್ಲಿದ್ದದ್ದು ಅವರ ಹೆಸರಲ್ಲ, ಅವರ ಅಪ್ಪನ ಹೆಸರು: ಸಾಲೊಮನ್. ಮಿಶನ್ ಶಾಲೆಯ ಮಾಸ್ತರರಾಗಿದ್ದ ಆ ಅಜ್ಜನನ್ನು ನಾನು ನೋಡಿಯೇ ಇಲ್ಲ. ಆದರೆ ಪಪ್ಪ ತಟ್ಟೆ ಕವುಚಿದಾಗಲೆಲ್ಲ ಅಜ್ಜನ ಹೆಸರು ಮೇಲೆ ಬಂದು, ನಾನು ತುತ್ತು ಎತ್ತಿದಷ್ಟು ಸಲವೂ ಕಣ್ಣಿಗೆ ಬೀಳುತ್ತಿತ್ತು.

ಪಪ್ಪನಿಗೆ ಇದರ ಬಗ್ಗೆ ಒಂದು ಖಚಿತವಾದ ವಿವರಣೆ ಇತ್ತು. ಸಂಡೇ ಸ್ಕೂಲಿನಲ್ಲಿ ಯೇಸು ನಮ್ಮ ಪಾಪಕ್ಕಾಗಿ ಸತ್ತ ಅಂತ ಹೇಳಿಕೊಡುತ್ತಿದ್ದರಲ್ಲ, ಅದು ಮಕ್ಕಳಿಗೆ ಬರೀ ಮಾತಾಗಿ ಉಳಿಯಬಾರದು, ಮನೆಯಲ್ಲಿ ಕಣ್ಣಿಗೆ ಕಾಣಬೇಕು ಎಂಬುದು ಅವರ ಹಟ. ದೇವರು ಒಳ್ಳೆಯವನಾದರೆ ಸುಮ್ಮನೆ ಕ್ಷಮಿಸಿಬಿಡಬಹುದಿತ್ತಲ್ಲ, ಯಾರನ್ನಾದರೂ ಯಾಕೆ ಸಾಯಿಸಬೇಕು ಅಂತ ನಾನು ಒಮ್ಮೆ ಕೇಳಿದಾಗ ಅವರು ಲ್ಯಾಬಿನ ಮಾತು ತೆಗೆದರು.

"ನಮ್ಮಲ್ಲಿ ಯಾರೋ ಕೆಮಿಕಲ್ ಚೆಲ್ಲಿದ್ರು ಅಂತ ಇಟ್ಕೊ. ಪರವಾಗಿಲ್ಲ ಅಂತ ನಾನು ಕ್ಷಮಿಸಿಬಿಡ್ಬಹುದು. ಆದ್ರೆ ಚೆಲ್ಲಿದ್ದು ಅಲ್ಲೇ ಇರ್ತದಲ್ಲ? ಯಾರಾದ್ರೂ ಬಗ್ಗಿ ಒರೆಸ್ಲೇಬೇಕು. ಅವ್ರ ಕೈ ಸುಡ್ತದೆ. ಕ್ಷಮೆ ಅಂದ್ರೆ ಅದು."

"ಚೆಲ್ಲಿದವರೇ ಒರೆಸಲಿ," ಅಂದೆ ನಾನು.

"ಅವ್ರಿಗೆ ಒರೆಸ್ಲಿಕ್ಕೆ ಬರುದಿಲ್ಲ. ಇನ್ನಷ್ಟು ಹರಡ್ತಾರೆ."

ನನಗೆ ಒರೆಸಲು ಬರುವುದಿಲ್ಲ ಎಂದು ಇವರಿಗೆ ಹೇಗೆ ಗೊತ್ತು? ಒಂದು ಸಲವಾದರೂ ಬಟ್ಟೆ ಕೈಗೆ ಕೊಟ್ಟು ನೋಡಿದ್ದಾರಾ? ಹೀಗೆ ಒಳಗೊಳಗೇ ಕುದಿಯುತ್ತಿದ್ದೆ. ನನ್ನ ಶಾಲೆಯ ಗೆಳತಿ ಮೆಗನ್ ತಪ್ಪು ಮಾಡಿದರೆ ಅವಳಮ್ಮ ಗ್ರೌಂಡ್ ಮಾಡುತ್ತಿದ್ದಳು: ಇಂಥ ದಿನದವರೆಗೆ ಫೋನು ಇಲ್ಲ, ಹೊರಗೆ ಹೋಗುವುದಿಲ್ಲ. ಮೆಗನ್ ಬಾಗಿಲು ಬಡಿದು, ಅತ್ತು, ಅಮ್ಮನನ್ನು ವಾಚಾಮಗೋಚರವಾಗಿ ಬೈದು, ಆ ದಿನ ಬಂದ ಕೂಡಲೆ ಏನೂ ಆಗಿಲ್ಲವೆಂಬಂತೆ ಸೈಕಲ್ ಹತ್ತಿ ಬರುತ್ತಿದ್ದಳು. ಅವಳ ತಪ್ಪಿಗೆ ಒಂದು ಕೊನೆ ಇತ್ತು. ನನ್ನದಕ್ಕೆ ಇರಲಿಲ್ಲ. ಶಿಕ್ಷೆ ನನ್ನನ್ನು ಮುಟ್ಟುತ್ತಲೇ ಇರಲಿಲ್ಲವಾದ್ದರಿಂದ ಅದು ಮುಗಿಯುವುದಾದರೂ ಹೇಗೆ? ನಾನು ಮೆಗನ್‌ಳ ಶಿಕ್ಷೆಗೆ ಹೊಟ್ಟೆಕಿಚ್ಚು ಪಡುತ್ತಿದ್ದೆ ಅಂದರೆ ಯಾರೂ ನಂಬುವುದಿಲ್ಲ.

ಇನ್ನು ಅಮ್ಮ. ಇದನ್ನು ಕೇಳಿದವರೆಲ್ಲ ಪಪ್ಪನ ತ್ಯಾಗದ ಬಗ್ಗೆ ಮಾತಾಡುತ್ತಾರೆಯೇ ಹೊರತು ಅಮ್ಮನ ಅಡುಗೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಪಾಳಿ ಮುಗಿಸಿ ಬಂದು, ಏಷ್ಯನ್ ಗ್ರೋಸರಿಯಿಂದ ತಂದ ಮೀನನ್ನು ಸಿಂಕಿನಲ್ಲಿ ಉಪ್ಪು ಹಾಕಿ ತಿಕ್ಕಿ, ಫ್ರೀಜರಿನ ತೆಂಗಿನತುರಿ ರುಬ್ಬಿ, ಕುಚ್ಚಲಕ್ಕಿ ಬೇಯಿಸಿ ಬಡಿಸುವ ಹೊತ್ತಿಗೆ ಗಂಡ ತಟ್ಟೆ ಕವುಚುತ್ತಾನೆ. ಅಮ್ಮ ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಪಾತ್ರೆಯ ಮುಚ್ಚಳಗಳನ್ನು ಹಾಕುವ ಸದ್ದಿನಿಂದ ಅವಳ ಅಭಿಪ್ರಾಯ ನಮಗೆ ಗೊತ್ತಾಗುತ್ತಿತ್ತು. ಪಪ್ಪನಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗಿನ ಒಂದು ಗರಿಗಳ ಭಾನುವಾರ, ಅಂದರೆ ಈಸ್ಟರಿನ ಹಿಂದಿನ ವಾರ, ಈ ಕಥೆಯೆಲ್ಲ ತುದಿ ಮುಟ್ಟಿತು. ಅಂಗಲಾಚಿ ಅನುಮತಿ ಪಡೆದು ಶನಿವಾರ ಮೆಗನ್‌ಳ ಮನೆಯಲ್ಲಿ ಮಲಗಲು ಹೋಗಿದ್ದೆ. ನಮ್ಮ ಕನ್ನಡ ಸಭೆ ಒಂದು ಅಮೇರಿಕನ್ ಚರ್ಚಿನ ಹಾಲನ್ನು ಬಾಡಿಗೆಗೆ ಹಿಡಿದು ಮಧ್ಯಾಹ್ನ ಸೇರುತ್ತಿತ್ತು. ಹಾಗಾಗಿ ಬೆಳಿಗ್ಗೆ ಅವರ ಜೊತೆ ಅವರ ಚರ್ಚಿಗೆ ಹೋದೆ. ಅಲ್ಲಿ ಯೇಸುವಿನ ಸಾವನ್ನು ನೆನೆಯುವ ಕರ್ತನ ಭೋಜನದ ದಿನ. ಪುಟ್ಟ ಪ್ಲಾಸ್ಟಿಕ್ ಲೋಟಗಳಲ್ಲಿ ದ್ರಾಕ್ಷಿರಸ, ಇನ್ನೊಂದು ತಟ್ಟೆಯಲ್ಲಿ ಮುರಿದ ಬಿಸ್ಕತ್ತಿನಂಥ ರೊಟ್ಟಿ, ಸಾಲಿನಿಂದ ಸಾಲಿಗೆ ಕೈದಾಟಿ ಬರುತ್ತಿತ್ತು. ನಮ್ಮಲ್ಲಾದರೆ ಮಕ್ಕಳು ಅದನ್ನು ಮುಟ್ಟುವ ಹಾಗಿಲ್ಲ. ದೊಡ್ಡವರಾಗಿ, ಪಾಠ ಕಲಿತು, ಸಭೆಯ ಮುಂದೆ ನಿಂತು ಕನ್ಫರ್ಮೇಶನ್ನು ಆದ ಮೇಲೆಯೇ. ಅಲ್ಲಿ ಸಣ್ಣ ಮಕ್ಕಳೂ ತೆಗೆದುಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಹಿಂಜರಿದೆ. ಮೆಗನ್‌ಳ ಅಮ್ಮ ನಿನಗೂ ಇದೆ, ತಗೋ ಅಂತ ತಟ್ಟೆಯನ್ನು ನನ್ನ ಮಡಿಲಿಗೆ ಚಾಚಿ, ಪಕ್ಕದವರಿಗೆ ದಾಟಿಸಿ, ಬ್ಯಾಗಿನಲ್ಲಿ ಕಾರಿನ ಕೀ ಹುಡುಕತೊಡಗಿದಳು. ನಾನು ತಿಂದೆ, ಕುಡಿದೆ. ರುಚಿ ಏನೂ ಇರಲಿಲ್ಲ. ಆದರೆ ನನಗಾಗಿ ಒಬ್ಬ ಸತ್ತಿದ್ದಾನೆ ಎಂಬ ಸುದ್ದಿಯನ್ನು ನನ್ನ ಮುಖವನ್ನೇ ನೋಡುತ್ತ ಕೂರದೆ ಯಾರಾದರೂ ಕೊಟ್ಟದ್ದು ಅದೇ ಮೊದಲು. ತುಂಬ ಹಗುರಾಯಿತು. ಇಡೀ ದಾರಿ ಮೆಗನ್ ಜೊತೆ ಕಿಸಿಕಿಸಿ ನಗುತ್ತ ಬಂದೆ.

ಆ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ರಾತ್ರಿ ಊಟದ ಮೇಜಿನ ಮೇಲೆ ಹೇಳಿಬಿಟ್ಟೆ. ಪಪ್ಪನನ್ನು ಮೆಚ್ಚಿಸಲಿಕ್ಕೇ ಹೇಳಿದ್ದು. ಅವರ ಮುಖದಲ್ಲಿ ರಕ್ತ ಇಳಿದುಹೋಯಿತು. ತಿಳಿಯದೆ, ತನ್ನನ್ನು ತಾನು ಪರೀಕ್ಷಿಸಿಕೊಳ್ಳದೆ ಅದನ್ನು ತಿನ್ನುವವರು ತಮ್ಮ ಮೇಲೆ ತಾವೇ ತೀರ್ಪು ತಂದುಕೊಳ್ಳುತ್ತಾರೆ ಎಂದು ಅವರು ಚಿಕ್ಕಂದಿನಿಂದ ನಂಬಿದವರು. ಅವರು ಹೆದರಿದ್ದರು, ನಿಜಕ್ಕೂ ನನಗಾಗಿ ಹೆದರಿದ್ದರು. ಇವತ್ತು ಅದು ಅರ್ಥವಾಗುತ್ತದೆ. ಅವತ್ತು ಕಂಡದ್ದು ತಟ್ಟೆಯತ್ತ ಹೋದ ಎರಡು ಕೈ ಮಾತ್ರ.

"ಇದು ಸಣ್ಣದಲ್ಲ ವಿನೀತಾ," ಅಂದರು. "ಈ ವಾರ ಪೂರ್ತಿ ನಾನು ರಾತ್ರಿ ಊಟ ಮಾಡುದಿಲ್ಲ. ಶುಭ ಶುಕ್ರವಾರ ಸೇರಿಸಿ."

ಆ ವಾರವನ್ನು ನಾನು ಹೇಗೆ ಕಳೆದೆನೆಂದು ಹೇಳಲು ಹೋದರೆ ಈಗಲೂ ಹಲ್ಲು ಕಚ್ಚಿಕೊಳ್ಳುತ್ತೇನೆ. ಸೋಮವಾರ ಮೀನು, ನನ್ನ ತಟ್ಟೆಯಲ್ಲಿ ಎರಡು ತುಂಡು. ಮಾರನೆಯ ದಿನ ನೀರುದೋಸೆ, ಕೋಳಿ. ಪಪ್ಪ ಮಧ್ಯಾಹ್ನವೂ ಲ್ಯಾಬಿನಲ್ಲಿ ಏನೂ ತಿನ್ನುತ್ತಿಲ್ಲವೆಂದು ಡಬ್ಬಿ ತೊಳೆಯುವಾಗ ಅಮ್ಮನಿಗೆ ಗೊತ್ತಾಯಿತು, ಅದು ಹಾಗೇ ತುಂಬಿಕೊಂಡು ವಾಪಸು ಬರುತ್ತಿತ್ತು. ಕುರ್ಚಿಯಿಂದ ಏಳುವಾಗ ಅವರು ಮೇಜಿನ ಅಂಚು ಹಿಡಿದುಕೊಳ್ಳತೊಡಗಿದರು. ಡ್ಯಾನಿ ನನ್ನ ಕಡೆ ನೋಡಿ, ಇದೆಲ್ಲ ನಿನ್ನಿಂದ ಅಂತ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದ. ತಿನ್ನದಿದ್ದರೆ ಅವರ ತ್ಯಾಗವನ್ನು ತಿರಸ್ಕರಿಸಿದ ಹಾಗೆ. ತಿಂದರೆ ಅವರನ್ನೇ ತಿಂದ ಹಾಗೆ. ಕೊನೆಗೆ ತಡೆಯಲಾರದೆ ಒಂದು ಸಂಜೆ ಗ್ಯಾರೇಜಿಗೆ ಹೋದೆ. ಪಪ್ಪ ಡ್ರೈಯರಿನ ಎದುರು ಸ್ಟೂಲು ಹಾಕಿಕೊಂಡು ಬಿಸಿ ಬಟ್ಟೆಗಳನ್ನು ಮಡಚುತ್ತಿದ್ದರು. ನನ್ನನ್ನು ಗ್ರೌಂಡ್ ಮಾಡಿ, ಬೇಸಿಗೆ ರಜೆ ಪೂರ್ತಿ ಮಾಡಿ, ಮೆಗನ್‌ಳ ಮನೆಗೆ ಇನ್ನು ಕಳಿಸಲೇಬೇಡಿ, ಎರಡು ಪೆಟ್ಟು ಬೇಕಾದರೂ ಹಾಕಿ ಅಂತ ಇಂಗ್ಲಿಷಿನಲ್ಲಿ ಗೋಗರೆದೆ. ಅವರು ಡ್ಯಾನಿಯ ಕಾಲುಚೀಲಕ್ಕೆ ಜೋಡಿ ಹುಡುಕುತ್ತಲೇ ಇದ್ದರು.

"ನಿಂಗೆ ಶಿಕ್ಷೆ ಕೊಟ್ರೆ ಮತ್ತೆ ನಾನು ಇರುದು ಎಂತಕ್ಕೆ?"

ಇಂಗ್ಲಿಷು ಅವರಿಗೆ ನಾಟುತ್ತಿಲ್ಲವೆಂದು ನಾನು ಕನ್ನಡಕ್ಕೆ ಬಂದೆ.

"ನಾನು ನಿಮ್ಮ ಹತ್ರ ಕೇಳ್ಲಿಲ್ಲ ಪಪ್ಪ."

"ಯಾರೂ ಕೇಳುದಿಲ್ಲ ಮಗಾ," ಅಂದರು ಅವರು, ಸಮಾಧಾನವಾಗಿ. "ಕೇಳದೆ ಕೊಡುದೇ ಅದು."

ಕಾಲುಚೀಲದ ರಾಶಿಯನ್ನು ಒದ್ದು ಒಳಗೆ ಬಂದೆ. ಅಮ್ಮ ಸಿಂಕಿನ ಮುಂದೆ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಳ್ಳದೆಯೇ ನನಗೊಂದು ಸಂಗತಿ ಹೇಳಿದಳು. ಸಾಲೊಮನ್ ಅಜ್ಜನ ತರಗತಿಯಲ್ಲಿ ಪಪ್ಪನೂ ಒಬ್ಬ ವಿದ್ಯಾರ್ಥಿ. ಯಾರಾದರೂ ಹುಡುಗ ತಪ್ಪು ಮಾಡಿ ಒಪ್ಪಿಕೊಳ್ಳದಿದ್ದರೆ ಅಜ್ಜ ತಮ್ಮ ಮಗನನ್ನೇ ಎದುರಿಗೆ ಕರೆದು ನಾಗರಬೆತ್ತದಿಂದ ಬಾರಿಸುತ್ತಿದ್ದರಂತೆ. ನಿಮ್ಮ ಪಾಲಿನದು ಇವನಿಗೆ ಬಿತ್ತು, ನೋಡಿಕೊಳ್ಳಿ ಅನ್ನುತ್ತಿದ್ದರಂತೆ. ಹುಡುಗರಿಗೆ ಪಶ್ಚಾತ್ತಾಪ ಆಗಲಿ ಅಂತ. ಊರೆಲ್ಲ ಎಂಥ ನಿಷ್ಪಕ್ಷಪಾತಿ ಮಾಸ್ತರು ಅಂತ ಹೊಗಳುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿ, ಮತ್ತೆ ಯಾವತ್ತೂ ಪಪ್ಪ ಆ ಸುದ್ದಿ ಎತ್ತಿರಲಿಲ್ಲ. ತನ್ನ ಮಕ್ಕಳ ಮೇಲೆ ಕೈ ಎತ್ತುವುದಿಲ್ಲ ಅಂತ ಮಾತ್ರ ಆಣೆ ಹಾಕಿಕೊಂಡಿದ್ದರು.

ಪಾಪ ಅನ್ನಿಸಲಿಲ್ಲವೇ ಅಂತ ಕೇಳಿದರೆ, ಅನ್ನಿಸಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹಾಗಾದರೆ ಆ ಹುಡುಗನ ಹತ್ತಿರವೂ ಯಾರೂ ಕೇಳಿರಲಿಲ್ಲ. ಎಳೆದು ನಿಲ್ಲಿಸಿ ಬಲಿ ಕೊಟ್ಟದ್ದನ್ನು ಅವನು ದೊಡ್ಡವನಾದ ಮೇಲೆ ಪ್ರೀತಿ ಅಂತ ಹೆಸರಿಟ್ಟು ಅದೇ ತಟ್ಟೆಯ ಜೊತೆ ಅಮೇರಿಕಕ್ಕೆ ತಂದಿದ್ದ. ಇಷ್ಟು ದೂರ ಬರುವಾಗ ಬೇರೆ ತಟ್ಟೆ ಕೊಳ್ಳಬಾರದಿತ್ತೇ.

ಶುಭ ಶುಕ್ರವಾರ ಮಧ್ಯಾಹ್ನದ ಆರಾಧನೆಗೆ ದೂರದ ಊರು ವಾಲ್ನಟ್ ಕ್ರೀಕಿನಿಂದೆಲ್ಲ ಜನ ಬಂದಿದ್ದರು. ಸಭಾಪಾಲಕರು ಶಿಲುಬೆಯ ಬಗ್ಗೆ ಉದ್ದಕ್ಕೆ ಪ್ರಸಂಗ ಮಾಡಿದರು. ಹಳೆಯ ಕಾಲದ ಯಾಜಕರು ವರ್ಷವರ್ಷವೂ ಕುರಿ ಕಡಿಯಬೇಕಾಗಿತ್ತು, ಯಾಕೆಂದರೆ ಯಾವ ಕುರಿಯೂ ಸಾಲುತ್ತಿರಲಿಲ್ಲ. ಇದು ಹಾಗಲ್ಲ, ಒಂದೇ ಸಲಕ್ಕೆ ಆಗಿ ಮುಗಿಯಿತು, ಇನ್ನು ಯಾರೂ ಯಾವತ್ತೂ ಬಲಿ ಕೊಡಬೇಕಾಗಿಲ್ಲ ಎಂಬುದು ಅವರ ಮಾತಿನ ಸಾರ. ಪಪ್ಪ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಹಾಲಿನ ಹಿಂದಿನ ಅಡುಗೆಮನೆಯ ಕಿಂಡಿಯಲ್ಲಿ ಅಮ್ಮ ದೊಡ್ಡ ಪಾತ್ರೆಯ ಗಂಜಿಗೆ ಸೌಟು ಹಾಕಿ ನಿಂತು ಅದನ್ನೇ ಕೇಳುತ್ತಿದ್ದಳು. ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ. ಸಭಾಪಾಲಕರು ಪಪ್ಪನಿಗೂ ಒಂದು ಬಟ್ಟಲು ತಂದುಕೊಟ್ಟರು. ಪಪ್ಪ ಬೇಡವೆಂದರು. ಒತ್ತಾಯ ಮಾಡಿದಾಗ, ಮಗಳಿಗಾಗಿ ಒಂದು ವಾರದ ಉಪವಾಸ ಅಂತ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ ಮಾತು ಹಾಲಿನ ಆ ಕೊನೆಯವರೆಗೂ ಹೋಯಿತು. ಆಂಟಿಯರು, ಅಂಕಲ್‌ಗಳು, ಅವರ ಮಕ್ಕಳು, ಎಲ್ಲರೂ ಚಮಚ ತಡೆದು ನನ್ನ ಕಡೆ ತಿರುಗಿದರು. ಮಗಳು ಏನು ಮಾಡಿರಬಹುದೆಂದು ಒಬ್ಬೊಬ್ಬರ ಕಣ್ಣಲ್ಲೂ ಒಂದೊಂದು ಲೆಕ್ಕ ಓಡುತ್ತಿತ್ತು. ಎಂಥ ಅಪ್ಪ, ಪುಣ್ಯ ಮಾಡಿದ್ದೀಯಮ್ಮ ಅಂತ ಒಬ್ಬ ಆಂಟಿ ನನ್ನ ಬೆನ್ನು ತಟ್ಟಿದರು. ನಾನು ಬಾತ್‌ರೂಮಿಗೆ ಹೋಗಿ ಕಾಗದದ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಕಿರುಚಿದೆ.

ಮನೆಗೆ ಬಂದ ಕೂಡಲೆ ಅಮ್ಮ ಬಟ್ಟೆ ಬದಲಿಸದೆ ಸೀದಾ ಅಡುಗೆಮನೆಗೆ ಹೋದಳು. ಉಳಿದು ತಂದ ಗಂಜಿಯನ್ನು ಬಿಸಿ ಮಾಡಿದಳು. ಫ್ರೀಜರಿನಿಂದ ಮೀನು ತೆಗೆದು, ಇವತ್ತಿನ ದಿನ ಮೀನೇ ಅಂತ ಪಪ್ಪ ಕೇಳುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಹುರಿದಳು. ಅಲಾರಮ್ಮು ಕೂಗಿತು, ಡ್ಯಾನಿ ಟವೆಲ್ಲು ಬೀಸಿದ. ಮೇಜಿಗೆ ಬಂದಾಗ ಅಜ್ಜನ ತಟ್ಟೆ ನೆಟ್ಟಗೆ ಇತ್ತು, ಅದರ ತುಂಬ ಗಂಜಿ, ಪಲ್ಯ, ಎರಡು ತುಂಡು ಮೀನು. ಪಪ್ಪ ಪ್ರಾರ್ಥನೆ ಮಾಡಿದರು. ಆಮೆನ್ ಆದ ಕೂಡಲೆ ಅಮ್ಮ ತನ್ನ ತಟ್ಟೆಯನ್ನು ಎತ್ತಿ ಟಪ್ಪನೆ ಕವುಚಿದಳು. ಪಪ್ಪನ ಹಾಗೆ ಸದ್ದಿಲ್ಲದೆ ಅಲ್ಲ.

"ಇವತ್ತು ನಿಮ್ಮ ತಪ್ಪಿಗೆ ನಾನು," ಅಂದಳು. "ನೀವು ಪೂರ್ತಿ ಉಣ್ಬೇಕು. ಬಿಡ್ಲಿಕ್ಕಿಲ್ಲ, ನಿಮ್ಮದೇ ರೂಲು."

ಪಪ್ಪ ನಗಲು ನೋಡಿದರು. ಅಮ್ಮ ನಗಲಿಲ್ಲ.

"ನನ್ನದು ಎಂತ ತಪ್ಪು ಸುಗುಣಾ?"

"ಒಬ್ಬ ಸತ್ತದ್ದು ಸಾಕಾಗ್ಲಿಲ್ಲ ಅಂತ ಈ ಮಕ್ಳಿಗೆ ಕಲಿಸಿದ್ದು. ಅಲ್ಲಿ ಕೂತು ತಲೆ ಆಡಿಸಿದ್ರಲ್ಲ, ಒಂದೇ ಸಲಕ್ಕೆ ಮುಗೀತು ಅಂತ? ಮುಗಿದಿದ್ರೆ ನನ್ನ ಮೇಜಿನ ಮೇಲೆ ವಾರ ವಾರ ಎಂತ ನಡೀತಾ ಉಂಟು?"

ನಮ್ಮ ಮನೆಯಲ್ಲಿ ಅಮ್ಮ ದೇವರ ವಿಷಯ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ. ಅಮ್ಮ ಬೆಳಿಗ್ಗೆ ಬೇಗ ಎದ್ದಿದ್ದವಳು, ಮಧ್ಯಾಹ್ನ ಅಷ್ಟು ಜನಕ್ಕೆ ಬಡಿಸಿ ತಾನು ಉಂಡಿರಲಿಲ್ಲ, ಮರುದಿನ ಮುಂಜಾನೆ ಡ್ಯೂಟಿ. ಪಪ್ಪನಿಗೆ ಇದೆಲ್ಲ ಗೊತ್ತಿತ್ತು. ಒಂದು ತುತ್ತು ಬಾಯಿಗಿಟ್ಟರು. ಅದು ಒಳಗೆ ಹೋಗಲಿಲ್ಲ, ಕೆನ್ನೆಯಲ್ಲೇ ಉಳಿಯಿತು. ನೀನೂ ತಿನ್ನು ಅಂದರು. ಅಮ್ಮ ಕೈಕಟ್ಟಿಕೊಂಡು, ಮುಖದಲ್ಲಿ ಏನೂ ಇಲ್ಲದೆ, ಅವರನ್ನೇ ನೋಡುತ್ತಿದ್ದಳು. ಅವರ ಕಿವಿ ಕೆಂಪಾಯಿತು. ಇನ್ನೊಂದು ತುತ್ತು ಎತ್ತಿ ಕೆಳಗಿಟ್ಟರು. ಕೊನೆಗೆ ಅವರ ದನಿ ಏರಿತು, ಪಪ್ಪನ ದನಿ ಏರಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ನಾನು ನಿನ್ನ ಹತ್ರ ಕೇಳ್ಲಿಲ್ಲ ಮಾರಾಯ್ತಿ."

ಹೇಳಿದ ಕೂಡಲೆ ಅವರಿಗೇ ಕೇಳಿಸಿತು. ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಒಳಗೆ ಎಷ್ಟು ಖುಷಿಯಾಯಿತೆಂದರೆ, ಈಗ 'ಯಾರೂ ಕೇಳುದಿಲ್ಲ' ಅಂತ ಅಮ್ಮ ಅನ್ನಲಿ, ಅನ್ನಲಿ ಎಂದು ಕಾಯುತ್ತಿದ್ದೆ. ಅಮ್ಮ ಅನ್ನಲಿಲ್ಲ. ಪಪ್ಪ ಎದ್ದು, ಮೇಜು ಸುತ್ತಿ ಬಂದು, ಅವಳ ತಟ್ಟೆಯನ್ನು ಮೇಲು ಮಾಡಿ, ತಮ್ಮ ತಟ್ಟೆಯಿಂದ ಒಂದು ತುಂಡು ಮೀನು ತೆಗೆದು ಅದಕ್ಕೆ ಹಾಕಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಉಂಡರು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಬರೆದು ಮುಗಿಸಬಹುದಿತ್ತು. ತಟ್ಟೆ ಕವುಚುವುದೇನೋ ನಿಂತಿತು. ಆದರೆ ಬಾಲದ ತುಂಡು ನನಗಿರಲಿ, ನನಗೆ ಅಷ್ಟು ಹಸಿವಿಲ್ಲ, ನಿನ್ನೆಯ ಅನ್ನ ಇದೆಯಲ್ಲ ಎಂಬ ಪಪ್ಪನ ಮಾತುಗಳು ಶುರುವಾದವು. ತಟ್ಟೆಯಾದರೆ ಕಣ್ಣಿಗೆ ಕಾಣುತ್ತಿತ್ತು, ಇದರ ಜೊತೆ ಜಗಳ ಆಡುವುದೂ ಕಷ್ಟ. ಮುಂದೆ ನನ್ನ ಕನ್ಫರ್ಮೇಶನ್ನು ಆಯಿತು, ಭೋಜನಕ್ಕೆ ಎಲ್ಲರ ಜೊತೆ ನಿಂತೆ. ಇಂದಿಗೂ ಆ ಪುಟ್ಟ ಲೋಟ ಕೈಗೆ ಬಂದಾಗ ನನ್ನ ಕಣ್ಣು ಸುತ್ತ ಹುಡುಕುತ್ತದೆ, ನನ್ನಿಂದಾಗಿ ಯಾರು ಇಲ್ಲಿ ಹಸಿದು ಕೂತಿದ್ದಾರೆ ಅಂತ. ಶಿಲುಬೆಯ ಅರ್ಥದ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ, ಎಷ್ಟೋ ಜನರ ಜೊತೆ ವಾದ ಮಾಡಿದ್ದೇನೆ. ನ್ಯಾಯಕ್ಕೆ ಬೆಲೆ ತೆರಲೇಬೇಕಿತ್ತೋ, ಅಥವಾ ನಾವು ಚೆಲ್ಲಿದ್ದರ ನಡುವೆ ದೇವರೇ ಬಂದು ಕೂತನೋ, ನನಗೆ ಇನ್ನೂ ಬಗೆಹರಿದಿಲ್ಲ. ಸಾಯುವ ದೇವರ ಬಗ್ಗೆ ನನಗೆ ತಕರಾರಿಲ್ಲ. ಸತ್ತ ಮೇಲೂ ನಾನು ಸರಿಯಾಗಿ ಉಣ್ಣುತ್ತಿದ್ದೇನೆಯೇ ಅಂತ ಮುಖ ನೋಡುತ್ತ ಕೂರುವ ದೇವರ ಬಗ್ಗೆ ತಕರಾರು.

ಈಗ ಪಪ್ಪ, ಅಮ್ಮ ವಾಲ್ನಟ್ ಕ್ರೀಕಿನಲ್ಲಿ ಡ್ಯಾನಿಯ ಮನೆಯ ಹತ್ತಿರ ಇದ್ದಾರೆ. ಭಾನುವಾರ ನಮ್ಮಲ್ಲಿಗೆ ಬರುತ್ತಾರೆ. ತಟ್ಟೆಗಳು ನನ್ನ ಪಾಲಿಗೆ ಬಂದಿವೆ, ಪಪ್ಪನಿಗೆ ಅಜ್ಜನ ತಟ್ಟೆಯಲ್ಲೇ ಬಡಿಸುತ್ತೇನೆ. ಈಚೆಗೆ ಒಂದು ಭಾನುವಾರ ಅವರು ಬರುವ ಹೊತ್ತಿಗೆ ಮನೆಯಲ್ಲಿ ರಂಪ ನಡೆದಿತ್ತು. ನನ್ನ ಮಗಳು ಲೇಯಾ ಹೇಳದೆ ಕೇಳದೆ ಕಾರು ತೆಗೆದುಕೊಂಡು ಹೋಗಿ, ವಾಪಸು ಬರುವಾಗ ಗ್ಯಾರೇಜಿನ ಗೋಡೆಗೆ ಉಜ್ಜಿಸಿ, ನಾನಲ್ಲ ಅಂತ ವಾದಿಸಿ, ಕೊನೆಗೆ ಒಪ್ಪಿಕೊಂಡಿದ್ದಳು. ಬೇಸಿಗೆ ರಜೆಯವರೆಗೆ ಕಾರಿನ ಕೀ ಮುಟ್ಟುವ ಹಾಗಿಲ್ಲ ಅಂತ ನಾನು ತೀರ್ಪು ಕೊಟ್ಟಿದ್ದೆ. ಅವಳು ಬಾಗಿಲು ಬಡಿದಿದ್ದಳು, ನನಗೆ ಅದು ಸಂಗೀತದಂತೆ ಕೇಳಿಸಿತ್ತು. ಊಟಕ್ಕೆ ಕೂತಾಗ ವಿಷಯ ಹೊರಬಂತು. ಪಪ್ಪ ಮೊಮ್ಮಗಳನ್ನು ನೋಡಿದರು. ಪ್ರಾರ್ಥನೆ ಮುಗಿದ ಮೇಲೆ ಅವರ ಎರಡೂ ಕೈ ತಟ್ಟೆಯ ಅಂಚಿನತ್ತ ಹೋದವು. ಇಷ್ಟು ವರ್ಷಗಳ ಮೇಲೆ, ಅವರಿಗೇ ಗೊತ್ತಿಲ್ಲದ ಹಾಗೆ. ನಾನು ಬಾಯಿ ತೆರೆಯುವುದರೊಳಗೆ ಲೇಯಾ ಮೀನಿನ ಮುಳ್ಳು ಬಿಡಿಸುತ್ತಲೇ ಅಂದಳು:

"ನೋ ಅಜ್ಜ. ದಿಸ್ ಒನ್ ಈಸ್ ಮೈನ್. ನೀವು ಊಟ ಮಾಡಿ."

ಪಪ್ಪ ಕೈ ಹಿಂದೆ ತೆಗೆದುಕೊಂಡರು. ಲ್ಯಾಬಿನ ಮಾತಿಲ್ಲ, ಕೆಮಿಕಲ್ಲಿಲ್ಲ. ಅನ್ನಕ್ಕೆ ಸಾರು ಕಲಸಿ ತಿನ್ನತೊಡಗಿದರು. ನಾನು ಗ್ಯಾರೇಜಿನಲ್ಲಿ ಬೇಡಿಕೊಂಡದ್ದು ಇದನ್ನೇ ಅಲ್ಲವೇ, ಇವಳಿಗೆ ಇಷ್ಟು ಸುಲಭಕ್ಕೆ ಹೇಗೆ ಸಿಕ್ಕಿತು ಅಂತ ಅವಳನ್ನೇ ನೋಡಿದೆ. ಲೇಯಾ ಚಪ್ಪರಿಸಿಕೊಂಡು ಉಣ್ಣುತ್ತಿದ್ದಳು. ಅವಳ ತಟ್ಟೆಯಲ್ಲಿ ಎರಡು ತುಂಡು ಬಂಗುಡೆ ಇದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು. ಬಡಿಸುವಾಗ ನನ್ನ ತುಂಡನ್ನೂ ಅವಳಿಗೇ ಹಾಕಿದ್ದೆ. ಯಾವಾಗ ಹಾಕಿದೆನೆಂದು ನೆನಪಿಲ್ಲ. ನನ್ನ ತಟ್ಟೆ ಖಾಲಿಯಿತ್ತು, ಮತ್ತು ನಾನು ಕೈಕಟ್ಟಿಕೊಂಡು ಕೂತಿದ್ದೆ.

ಪಪ್ಪನಿಗೂ ಅದು ಕಂಡಿತು. ಅವರು ತಮ್ಮ ತಟ್ಟೆಯ ಮೀನನ್ನು ಬೆರಳಿನಿಂದ ನಡುವೆ ಮುರಿದು, ಕೈ ಉದ್ದ ಮಾಡಿ ಅರ್ಧವನ್ನು ನನ್ನ ತಟ್ಟೆಗೆ ಇಟ್ಟರು.

"ಉಣ್ಣು," ಅಂದರು. "ಯಾರೂ ನಿನ್ನ ಹತ್ರ ಕೇಳ್ಲಿಲ್ಲ."

ನನ್ನ ಮಾತನ್ನು ನನಗೇ ವಾಪಸು ಕೊಟ್ಟ ಆ ಮನುಷ್ಯನ ಮೇಲೆ ಕೆಂಡದಂಥ ಸಿಟ್ಟು ಬಂತು. ಉಳಿದರ್ಧ ಅವರೂ ತಿನ್ನುತ್ತಿದ್ದಾರೆಯೇ ಅಂತ ನೋಡಿದೆ. ತಿನ್ನುತ್ತಿದ್ದರು. ನಾನು ಸಿಟ್ಟಿನಲ್ಲೇ ಉಂಡೆ, ಪೂರ್ತಿ ಉಂಡೆ.